ಬಾಲ್ಕನಿ ವಾರ್ಡು

ನಮ್ಮ ಅತ್ತೆಯನ್ನು ಹೊಗಳುವುದು ನನ್ನ ಜಾಯಮಾನವಲ್ಲ. ಹದಿನೆಂಟು ವರ್ಷ ಒಂದೇ ಅಡುಗೆಮನೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಬದುಕಿದವಳಿಗೆ ಹೊಗಳಿಕೆ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಆದರೆ ಈ ಒಂದು ವಿಷಯದಲ್ಲಿ ಸುಮ್ಮನಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ, ಅದಕ್ಕೇ ಹೇಳುತ್ತೇನೆ.

ನಮ್ಮದು ಮೂರನೇ ಮಹಡಿ, ಲಿಫ್ಟಿಲ್ಲ. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಊರವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸುವ ಮನುಷ್ಯನ ಸ್ವಂತ ತಾಯಿ ಎಪ್ಪತ್ತರ ವಯಸ್ಸಿನಲ್ಲಿ ಮಣ್ಣಿನ ಚೀಲ ಸೊಂಟಕ್ಕೇರಿಸಿಕೊಂಡು ಐವತ್ತನಾಲ್ಕು ಮೆಟ್ಟಿಲು ಹತ್ತುತ್ತಿದ್ದರು. ಮನೆಯಲ್ಲಿ ಎರಡು ಕೋಣೆ. ಒಂದರಲ್ಲಿ ನಾವಿಬ್ಬರು, ಇನ್ನೊಂದರಲ್ಲಿ ಅತ್ತೆ ಮತ್ತು ಹದಿನಾರು ವರ್ಷದ ನಮ್ಮ ಮಗಳು ಗುಬ್ಬಿ. ಗುಬ್ಬಿ ಅಂತ ಕರೆಯಲು ಶುರುಮಾಡಿದ್ದೂ ಅತ್ತೆಯೇ. ಹಾಲ್‌ನ ಬಾಗಿಲು ತೆಗೆದರೆ ಬಾಲ್ಕನಿ, ಒಂಬತ್ತಡಿ ಉದ್ದ, ನಾಲ್ಕಡಿ ಅಗಲ. ಅಷ್ಟರಲ್ಲಿ ಇಪ್ಪತ್ತಮೂರು ಕುಂಡ.

ಅತ್ತೆ ಮೂವತ್ತನಾಲ್ಕು ವರ್ಷ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನಿವೃತ್ತರಾದ ವಾರವೇ ಒಂದು ಪುದೀನ ಕಡ್ಡಿ ತಂದು ನೆಟ್ಟರು. ವರ್ಷ ತುಂಬುವುದರೊಳಗೆ ಬಾಲ್ಕನಿ ಹೋಗಿ ವಾರ್ಡ್ ಆಗಿತ್ತು. ಪ್ರತಿ ಕುಂಡಕ್ಕೂ ಬಣ್ಣದಲ್ಲಿ ನಂಬರು. ಬೆಳಿಗ್ಗೆ ಏಳಕ್ಕೆ ರೌಂಡ್ಸ್. "ನಾಲ್ಕನೇ ಬೆಡ್ ಟೊಮೇಟೊಗೆ ರಾತ್ರಿ ನಿದ್ದೆ ಬಂದಿಲ್ಲ, ಮುಖ ಬಾಡಿದೆ" ಅನ್ನುತ್ತಾ ಒಳಗೆ ಬರುತ್ತಿದ್ದರು. ನಮ್ಮಲ್ಲಿ ಬಿಸಿಲು ಬೀಳುವುದು ಎಂಟರಿಂದ ಹನ್ನೊಂದರವರೆಗೆ, ಅದೂ ಕಂಬಿಯ ಪಕ್ಕದ ಒಂದಡಿ ಜಾಗಕ್ಕೆ ಮಾತ್ರ. ಅತ್ತೆ ಗಡಿಯಾರ ನೋಡಿಕೊಂಡು ಒಂಬತ್ತೂವರೆಗೆ ಕುಂಡಗಳನ್ನು ಅದಲು ಬದಲು ಮಾಡುತ್ತಿದ್ದರು. "ನೀನು ಸಾಕಷ್ಟು ಕಾಯಿಸಿಕೊಂಡೆ, ಏಳಮ್ಮ, ಪಕ್ಕದವಳಿಗೆ ಜಾಗ ಬಿಡು." ಹೀಗೆ ಮೂರು ಗಂಟೆಯ ಬಿಸಿಲನ್ನು ಇಪ್ಪತ್ತಮೂರು ಜನಕ್ಕೆ ಹಂಚಿ, ಪಾಲಕ್, ಬದನೆ, ಮೆಣಸಿನಕಾಯಿ, ಕೊತ್ತಂಬರಿ, ಈರುಳ್ಳಿ ಸೊಪ್ಪು ಅಂತ ವಾರಕ್ಕೆ ನಾಲ್ಕು ದಿನ ಅಡುಗೆಗೆ ಆಗುವಷ್ಟು ಬೆಳೆಯುತ್ತಿದ್ದರು. ನನ್ನಂಥವಳ ಕೈಯಲ್ಲಿ ಫ್ರಿಜ್ಜಿನೊಳಗಿನ ಕೊತ್ತಂಬರಿಯೂ ಎರಡು ದಿನ ಉಳಿಯುವುದಿಲ್ಲ.

ಇಷ್ಟಾದರೂ ನಾನು ಗಿಡಗಳ ವಿರೋಧ ಪಕ್ಷ. ಒಗೆದ ಬಟ್ಟೆ ಹರಡಲು ಜಾಗವಿಲ್ಲ, ಹಾಲ್ ತುಂಬ ಮಣ್ಣಿನ ಹೆಜ್ಜೆ, ಒಂದೇ ಎರಡೇ. ಅದರ ಮೇಲೆ ಗುಬ್ಬಿಗೆ ಆ ವರ್ಷ ದೊಡ್ಡ ಪರೀಕ್ಷೆ. ಅಜ್ಜಿಯ ಗೊರಕೆಯ ನಡುವೆ ಮಂಚದ ತುದಿಯಲ್ಲಿ ಕೂತು ಓದುತ್ತಿದ್ದಳು.

"ಬಾಲ್ಕನಿಗೆ ಗಾಜು ಹಾಕಿಸಿಬಿಟ್ರೆ ಗುಬ್ಬಿಗೆ ಒಂದು ಕೋಣೆ ಆಗುತ್ತೆ" ಅಂದರು ನಮ್ಮ ಮನೆಯವರು ಒಂದು ದಿನ, ಸೂಪಿಗೆ ಬ್ರೆಡ್ ಅದ್ದುತ್ತಾ.

"ಆಗುತ್ತೆ" ಅಂದರು ಅತ್ತೆ. "ಆಮೇಲೆ ಈ ಸೂಪಿನ ಪಾಲಕ್ ಎಲ್ಲಿಂದ ಬರುತ್ತೆ?"

"ಅಂಗಡಿಯಿಂದ ಬರುತ್ತೆ ಅಮ್ಮ. ಎಲ್ಲರ ಮನೆಗೂ ಬರೋದು ಅಲ್ಲಿಂದಾನೇ."

"ಅಂಗಡಿ ಪಾಲಕ್ ಸತ್ತು ನಾಲ್ಕು ದಿನ ಆಗಿರುತ್ತೆ. ಇದು ಅರ್ಧ ಗಂಟೆ ಹಿಂದೆ ಉಸಿರಾಡ್ತಿತ್ತು."

"ಅಜ್ಜಿ, ಊಟ ಮಾಡ್ತಿದ್ದೀನಿ" ಅಂದಳು ಗುಬ್ಬಿ.

"ನೀನೇನಮ್ಮ ಹೇಳ್ತೀಯ?" ಅತ್ತೆ ನನ್ನ ಕಡೆ ತಿರುಗಿದರು.

"ಮಗು ಓದೋದು ಮುಖ್ಯ ಅಲ್ವಾ ಅತ್ತೆ" ಅಂದೆ. ಅವರು ತಟ್ಟೆ ತೊಳೆದಿಟ್ಟು ಬಾಲ್ಕನಿಗೆ ಹೋಗಿ ನಿಂತರು.

ಅದಾದ ಎರಡನೇ ಭಾನುವಾರ ಅಲ್ಲೇ, ಒದ್ದೆ ಟೈಲ್ಸ್ ಮೇಲೆ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ತಾವು ಕೆಲಸ ಮಾಡಿದ ಆಸ್ಪತ್ರೆಯಲ್ಲೇ ಆಪರೇಷನ್. ಸ್ಟ್ರೆಚರ್ ಮೇಲೆ ಹೋಗುವಾಗಲೂ ಅತ್ತೆ, ಚಕ್ರಕ್ಕೆ ಎಣ್ಣೆ ಹಾಕಿಲ್ಲ ಅಂತ ವಾರ್ಡಿನವರನ್ನು ಬೈದರು. ಇವರು ಮಾತ್ರ ಹೊರಗಿನ ಬೆಂಚಿನ ಮೇಲೆ ಕೂತು ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡಿದ್ದರು.

ಮನೆಗೆ ಬಂದವರೇ ತಮ್ಮ ಕೆಲಸದ ಚೀಲದಿಂದ ಒಂದು ಬೋರ್ಡು ತೆಗೆದರು. ಕೆಟ್ಟ ಲಿಫ್ಟಿಗೆ ನೇತುಹಾಕುವ ಬೋರ್ಡು, "ಕೆಟ್ಟಿದೆ, ಬಳಸಬೇಡಿ" ಅಂತ ಕೆಂಪಕ್ಷರ. ಅದನ್ನು ಬಾಲ್ಕನಿ ಬಾಗಿಲಿಗೆ ತಗುಲಿಸಿದರು.

"ಇವತ್ತಿಂದ ಯಾರೂ ಈ ಬಾಗಿಲು ತೆಗೆಯೋ ಹಾಗಿಲ್ಲ. ಒಂದು ತೊಟ್ಟು ನೀರೂ ಹಾಕೋ ಹಾಗಿಲ್ಲ. ತಾನಾಗೇ ಒಣಗಲಿ. ಗಾಜಿನವನಿಗೆ ಹೇಳಿದ್ದೀನಿ, ಅವನಿಗೆ ಬಿಡುವಾಗೋದು ಇನ್ನು ಆರು ವಾರಕ್ಕೆ."

"ಅಜ್ಜಿಗೆ ಹೇಳಿದ್ರಾ ಅಪ್ಪ?" ಅಂದಳು ಗುಬ್ಬಿ.

"ಹೇಳಿದ್ರೆ ಒಪ್ತಾರಾ?"

ನಾನು ಮೊದಲೇ ಗಂಡನ ಪಕ್ಷ ಸೇರಿದವಳು, ಈಗ ಯಾವ ಮುಖ ಇಟ್ಟುಕೊಂಡು ತಿರುಗಿಬೀಳಲಿ?

ಮೂರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಮನೆಯಲ್ಲಿ ನಾನೊಬ್ಬಳೇ. ಇವರು ಏಳಕ್ಕೆ ಹೊರಡುತ್ತಾರೆ, ಗುಬ್ಬಿ ಎಂಟಕ್ಕೆ. ನಾನು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವಳು, ಹೊರಡುವುದು ಒಂಬತ್ತೂವರೆಗೆ. ಕಿಟಕಿಯಿಂದ ನೋಡಿದರೆ ಟೊಮೇಟೊ ಕತ್ತು ಬಗ್ಗಿಸಿ ನಿಂತಿತ್ತು. ಅತ್ತೆಯ ಮೇಲೆ ನನಗೆ ಎಷ್ಟೇ ತಕರಾರಿರಲಿ, ಅವರು ಆಸ್ಪತ್ರೆಯಲ್ಲಿರುವಾಗ ಅವರ ಗಿಡಗಳನ್ನು ಕೊಲ್ಲುವ ಎದೆಗಾರಿಕೆ ನನಗಿಲ್ಲ. ಬಕೆಟ್ ತಂದೆ, ಎಲ್ಲದಕ್ಕೂ ಒಂದೊಂದು ಚೊಂಬು ಹಾಕಿದೆ, ನೆಲ ಒರೆಸಿದೆ, ಬೋರ್ಡನ್ನು ಇದ್ದ ಹಾಗೇ ತಗುಲಿಸಿದೆ. ಮಾರನೇ ದಿನವೂ ಅಷ್ಟೇ. ಅದರ ಮಾರನೇ ದಿನವೂ ಅಷ್ಟೇ.

ಅತ್ತೆ ನೀರು ಹಾಕುವ ಮುಂಚೆ ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡುತ್ತಿದ್ದುದು ನನಗೆ ಗೊತ್ತಿತ್ತು. ಇಪ್ಪತ್ತಮೂರು ಕುಂಡಕ್ಕೆ ಬೆರಳಿಡುತ್ತಾ ಕೂತರೆ ಬಸ್ಸು ನನಗೆ ಕಾಯುತ್ತದೆಯೇ? ಸುರಿದೆ, ಹೊರಟೆ.

ಹತ್ತು ದಿನಕ್ಕೆ ಅತ್ತೆ ಮನೆಗೆ ಬಂದರು. ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದೆವು. ಮಂಚದ ಮೇಲೆ ಒರಗಿದ ಕೂಡಲೇ ಕೇಳಿದ್ದು, "ವಾರ್ಡ್ ಹೇಗಿದೆ?"

"ಚೆನ್ನಾಗಿದೆ ಅಜ್ಜಿ" ಅಂದಳು ಗುಬ್ಬಿ, ನನ್ನ ಮುಖ ನೋಡದೆ.

"ಚೆನ್ನಾಗಿದೆ ಅತ್ತೆ" ಅಂದೆ ನಾನು.

ಇವರು "ಮೊದಲು ನೀನು ಚೆನ್ನಾಗಾಗು" ಅಂದರು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ವಾಕರ್ ಹಿಡಿಸಿ ನಿಲ್ಲಿಸಿದಾಗ ಅತ್ತೆಯ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ನೋವು ಅಂತ ಒಂದು ಮಾತು ಆಡಿದವರಲ್ಲ. "ನನ್ನ ಮಂಚದಿಂದ ಬಾಲ್ಕನಿಗೆ ಹತ್ತೊಂಬತ್ತು ಹೆಜ್ಜೆ" ಅಂದರು ಅವಳಿಗೆ. "ಆರನೇ ವಾರಕ್ಕೆ ನನ್ನನ್ನ ಅಲ್ಲಿ ನಿಲ್ಲಿಸು. ಆಮೇಲೆ ನಿನ್ನ ತಂಟೆಗೆ ಬರಲ್ಲ." ಮೊದಲ ದಿನ ಎರಡು ಹೆಜ್ಜೆ. ನಾಲ್ಕನೇ ದಿನ ಐದು. ನಾನು ಬಾಗಿಲಲ್ಲಿ ನಿಂತು ಆ ಹೆಜ್ಜೆಗಳನ್ನು ನೋಡುತ್ತಿದ್ದೆ. ಈಕೆ ಬೆವರು ಸುರಿಸಿ ಆ ಬಾಗಿಲು ಮುಟ್ಟುವ ಹೊತ್ತಿಗೆ ಅಲ್ಲಿ ಗಾಜು ಇರುತ್ತದೆ. ಆಮೇಲೆ ಯಾತಕ್ಕೆ ಏಳುತ್ತಾರೆ ಹಾಸಿಗೆಯಿಂದ?

ಇನ್ನೊಂದು ಕಡೆ ಗಿಡಗಳು ಯಾಕೋ ಚೇತರಿಸಿಕೊಳ್ಳಲೇ ಇಲ್ಲ. ನಾನು ನೀರು ಹಾಕಿದಷ್ಟೂ ಬಾಡಿದವು. ಕೆಳಗಿನ ಎಲೆಗಳು ಹಳದಿಯಾದವು. ಮೇಲೆ ಮಣ್ಣು ಒದ್ದೆಯಿದ್ದರೂ ಎಲೆ ಜೋತುಬಿದ್ದಿದೆಯಲ್ಲ, ಬುಡದಲ್ಲಿ ಒಣಗಿರಬೇಕು ಅಂತ ಒಂದು ಚೊಂಬಿನ ಜಾಗದಲ್ಲಿ ಎರಡು ಹಾಕಿದೆ.

ಕೆಳಮನೆಯ ಟೈಲರ್ ಮೆಟ್ಟಿಲಲ್ಲಿ ಸಿಕ್ಕಿದ. "ಅಕ್ಕಾ, ನಿಮ್ಮ ಬಾಲ್ಕನಿಯಿಂದ ನೀರು ತೊಟ್ಟಿಕ್ತಿದೆ. ಗಿರಾಕಿ ಕೋಟು ಒದ್ದೆ ಆಯ್ತು."

"ಅಣ್ಣಾ, ದಮ್ಮಯ್ಯ ಅಂತೀನಿ, ನಮ್ಮ ಮನೆಯವರ ಕಿವಿಗೆ ಹಾಕಬೇಡಿ."

ಅವನು ಒಂಥರಾ ನಕ್ಕ. "ಇಲ್ಲ ಅಕ್ಕಾ, ಯಾರಿಗೂ ಹೇಳಲ್ಲ" ಅಂದ. ನಾನು ಮನೆಯಲ್ಲಿದ್ದ ಹಳೇ ತಟ್ಟೆ, ಮುಚ್ಚಳ, ಟ್ರೇ ಎಲ್ಲ ಹುಡುಕಿ ಒಂದೊಂದು ಕುಂಡದ ಕೆಳಗೆ ಇಟ್ಟೆ. ತೊಟ್ಟಿಕ್ಕುವುದು ನಿಂತಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಐದನೇ ವಾರ ನಮ್ಮಿಬ್ಬರಿಗೆ ಅಡುಗೆಮನೆಯಲ್ಲಿ ಜಗಳವಾಯಿತು. ನಾನು ಆಲೂಗೆಡ್ಡೆ ಸುಲಿಯುತ್ತಿದ್ದೆ.

"ಅವರಿಗೆ ಒಂದು ಮಾತು ಹೇಳಿಬಿಡಿ. ನಡೆದು ಬಂದು ಗಾಜು ನೋಡಿದ್ರೆ ಎದೆ ಒಡೆಯುತ್ತೆ."

"ಗುಬ್ಬಿ ಓದು ಮುಖ್ಯ ಅಂದವಳು ನೀನೇ ತಾನೆ?"

"ಅಂದೆ. ಈಗ ಬೇಡ ಅಂತಿದ್ದೀನಿ. ಬುದ್ಧಿ ಬರೋಕೆ ಮುಹೂರ್ತ ನೋಡಬೇಕಾ?"

"ನೋಡು, ಅವತ್ತು ಬಿದ್ದಾಗ ಎತ್ತಿದವನು ನಾನು" ಅಂದರು ಇವರು. ದನಿ ಏರಿಸಲಿಲ್ಲ. "ಎತ್ತೋವಾಗ ಅಮ್ಮ ಕೂಗಿದ್ದು ನೀನು ಕೇಳಿಲ್ಲ. ನನಗೆ ಇನ್ನೊಂದು ಸಲ ಅದನ್ನ ಕೇಳೋಕಾಗಲ್ಲ."

ಹಟ ಅಂದುಕೊಂಡಿದ್ದೆ, ಅದು ಬರೀ ಭಯ. ಸುಲಿದ ಆಲೂಗೆಡ್ಡೆಯನ್ನೇ ಇನ್ನೊಂದು ಸಲ ಸುಲಿದೆ.

ಆರನೇ ವಾರದ ರಜಾ ದಿನ ಬೆಳಿಗ್ಗೆ ಹತ್ತಕ್ಕೆ ಗಾಜಿನವನು ಅಳತೆ ಟೇಪು ಹಿಡಿದು ಬಂದ. ನಾವು ಮೂವರೂ ಹಾಲ್‌ನಲ್ಲಿದ್ದೆವು. ಇವರು ಬೋರ್ಡು ತೆಗೆದು ಬಾಗಿಲು ತೆರೆದರು. ಅಷ್ಟರಲ್ಲಿ ಒಳಗಿನಿಂದ ವಾಕರ್ ಸದ್ದು. ಟಕ್, ಒಂದು ಹೆಜ್ಜೆ. ಟಕ್, ಇನ್ನೊಂದು. ಗುಬ್ಬಿ ಓಡಿದಳು. "ಮುಟ್ಟಬೇಡ, ಎಣಿಸ್ತಿದ್ದೀನಿ" ಅಂದರು ಅತ್ತೆ. ನಾವು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟೆವು. ಹದಿನೇಳು, ಹದಿನೆಂಟು, ಹತ್ತೊಂಬತ್ತು. ಹೊಸ್ತಿಲಿಗೆ ಬಂದು ನಿಂತು, ಗಾಜಿನವನನ್ನೂ ಟೇಪನ್ನೂ ನೋಡಿದರು. ಆಮೇಲೆ ಗಿಡಗಳನ್ನು ನೋಡಿದರು.

ಮೆಣಸಿನ ಗಿಡ ಬರೀ ಕಡ್ಡಿ. ಬದನೆಯ ಎಲೆಯೆಲ್ಲ ಹಳದಿ. ಕುಂಡದ ಬಾಯಿಯಲ್ಲಿ ಸಣ್ಣ ಸಣ್ಣ ನೊಣ. ಪುದೀನ ಒಂದು ಮಾತ್ರ ಏನೂ ಆಗದವರ ಹಾಗೆ ಹಬ್ಬಿಕೊಂಡಿತ್ತು.

"ಒಣಗಿಹೋಯ್ತು ಅಜ್ಜಿ" ಅಂದಳು ಗುಬ್ಬಿ. ಅವಳ ಕಣ್ಣಲ್ಲಿ ನೀರು.

ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತರು. ಒಂಬತ್ತನೇ ನಂಬರಿನ ಲೋಳೆಸರವನ್ನು ಹಿಡಿದು ಎತ್ತಿದರು. ಬೇರೇ ಇಲ್ಲದೆ ಕೈಗೆ ಬಂತು. ಮೂಸಿ ನೋಡಿದರು. ಬೆರಳನ್ನು ಟೊಮೇಟೊ ಮಣ್ಣಿಗಿಳಿಸಿದರು. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ನೋಡಿದರು.

"ಒಣಗಿ ಹೋಗಿದ್ದಲ್ಲ ಇದು. ಮುಳುಗಿ ಹೋಗಿದ್ದು. ಬೇರು ಕೊಳೆತ ಮೇಲೆ ಗಿಡ ನೀರು ಕುಡಿಯೋಕಾಗದೆ ಬಾಡುತ್ತೆ. ನೋಡಿದವರು ಬಾಯಾರಿದೆ ಅಂತ ಇನ್ನೂ ಸುರೀತಾರೆ." ಬೆರಳನ್ನು ಸೀರೆಯ ಅಂಚಿಗೆ ಒರೆಸಿಕೊಂಡು, ತರಬೇತಿಯ ನರ್ಸ್ ಹುಡುಗಿಯರನ್ನು ಕೇಳುವ ದನಿಯಲ್ಲಿ ಕೇಳಿದರು. "ಇಷ್ಟು ನೀರು ಒಬ್ಬರ ಕೈಕೆಲಸ ಅಲ್ಲ. ಯಾರ್ಯಾರು, ಯಾವ್ಯಾವ ಹೊತ್ತಿಗೆ?"

ಆ ದನಿಗೆ ಸುಳ್ಳು ಹೇಳುವುದು ಯಾರಿಗೂ ಆಗದು. "ನಾನು ಅತ್ತೆ. ಒಂಬತ್ತು ಗಂಟೆಗೆ" ಅಂದೆ.

"ನೀನಾ ಅಮ್ಮಾ?" ಗುಬ್ಬಿ ಬಾಯಿ ಬಿಟ್ಟಳು. "ನಾನೂ ಹಾಕ್ತಿದ್ದೆ ಅಜ್ಜಿ. ಸ್ಕೂಲಿಂದ ಬಂದ ತಕ್ಷಣ. ನಾಲ್ಕಕ್ಕೆ."

ಅತ್ತೆಯ ಕಣ್ಣು ಮಗನ ಮೇಲಿತ್ತು. ಇವರು ಕೈಯಲ್ಲಿದ್ದ ಬೋರ್ಡನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದರು.

"ಬೆಳಿಗ್ಗೆ ಆರು ಗಂಟೆಗೆ, ಎಲ್ಲರೂ ಏಳೋ ಮುಂಚೆ" ಅಂದರು ಕೊನೆಗೆ.

"ನೀವಾ?" ನನಗೆ ತಡೆಯಲಾಗಲಿಲ್ಲ. "ಒಂದು ತೊಟ್ಟೂ ಹಾಕಬಾರದು ಅಂದವರು ನೀವೇ ಅಲ್ವಾ?"

"ಅಂದಿದ್ದೆ. ನೀವಿಬ್ಬರೂ ನನ್ನ ಮಾತು ಕೇಳ್ತೀರ ಅಂದ್ಕೊಂಡಿದ್ದೆ. ಇನ್ಯಾರು ಹಾಕ್ತಾರೆ ಅಂತ ನಾನು ಹಾಕಿದೆ."

ಗಾಜಿನವನು ಕೆಮ್ಮಿದ. "ಅಳತೆ ತಗೊಳ್ಲಾ, ಬೇಡ್ವಾ?"

"ತಗೋಳಪ್ಪ" ಅಂದರು ಅತ್ತೆ. "ಗುಬ್ಬಿಗೆ ಓದೋಕೆ ಜಾಗ ಬೇಕು, ಅದೇನೂ ಸುಳ್ಳಲ್ಲ. ಗಿಡಗಳೂ ಹೋದ್ವು. ನಾನು ಅಡ್ಡ ಬರಲ್ಲ."

ಸಿಟ್ಟಿನಲ್ಲಿ ಹೇಳಿದ್ದಲ್ಲ. ಇವರು ತಾಯಿಯ ಮುಂದೆ ಮಂಡಿಯೂರಿ ಕೂತರು, ಟೊಮೇಟೊ ಕುಂಡದ ಪಕ್ಕದಲ್ಲೇ. "ಇದರಲ್ಲಿ ಯಾವುದಾದ್ರೂ ಉಳಿಯುತ್ತಾ ಅಮ್ಮ?"

"ಈಗಲೇ ಕೈ ಹಾಕಿದ್ರೆ ಕೆಲವು ಉಳಿದಾವು."

"ಹಾಗಾದ್ರೆ ಹೇಳು, ಏನು ಮಾಡಬೇಕು?" ಅಂದರು. ಗಾಜಿನವನಿಗೆ ಒಂದು ಲೋಟ ಚಹಾ ಕೊಟ್ಟು ಕಳಿಸಿದೆ.

ಆ ದಿನ ನಮ್ಮ ಹಾಲ್ ಆಪರೇಷನ್ ಕೋಣೆ. ನೆಲದ ತುಂಬ ಹಳೇ ಪೇಪರು. ಅತ್ತೆ ಕುರ್ಚಿಯಿಂದ ಕದಲಲಿಲ್ಲ, ಕೈಯಿಂದ ಏನನ್ನೂ ಮಾಡಲಿಲ್ಲ, ಆದರೂ ಮಾಡಿದ್ದೆಲ್ಲ ಅವರೇ. "ಬೇರು ತೊಳಿ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿರೋದನ್ನ ಕತ್ತರಿಸು. ಬೆಳ್ಳಗೆ ಗಟ್ಟಿ ಇರೋದು ಬದುಕಿದೆ, ಅದಕ್ಕೆ ಕೈ ಹಚ್ಚಬೇಡ. ಬೇರು ಅರ್ಧ ಹೋದ್ರೆ ಮೇಲಿನ ಎಲೆನೂ ಅರ್ಧ ತೆಗಿ, ಅಷ್ಟು ಬಾಯಿಗೆ ಊಟ ಹಾಕೋ ಶಕ್ತಿ ಅದಕ್ಕೀಗ ಇಲ್ಲ." ಇವರು ಲಿಫ್ಟಿನ ತಂತಿ ಬಿಡಿಸುವ ಬೆರಳಲ್ಲಿ ಬೇರು ಬಿಡಿಸಿದರು. ನಾನು ಕತ್ತರಿಸಿದೆ. ಗುಬ್ಬಿ ಮಣ್ಣಿಗೆ ಮರಳು ಬೆರೆಸಿ ತುಂಬಿದಳು. ಟೊಮೇಟೊದ ಬುಡ ಪೂರ್ತಿ ಹೋಗಿತ್ತು. "ತುದಿ ಹಸಿರಿದೆಯಲ್ಲ, ಕತ್ತರಿಸಿ ನೆಡು, ಹೊಸ ಬೇರು ಬಿಡುತ್ತೆ" ಅಂದರು. ಊಟಕ್ಕೆ ಬರೀ ಬ್ರೆಡ್ಡು ಮೊಟ್ಟೆ. ಒಬ್ಬರೂ ಗೊಣಗಲಿಲ್ಲ.

ಸಂಜೆ ಟೈಲರ್ ಬಂದ, ಇದೇನು ಸದ್ದು ಅಂತ ನೋಡಲು. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನನಗೆ ಗೊತ್ತಿತ್ತಲ್ಲ. ಅಕ್ಕ ಬಂದು ಯಾರಿಗೂ ಹೇಳಬೇಡಿ ಅಂದ್ರು, ಹುಡುಗಿ ಬಂದು ಅಂಕಲ್ ಹೇಳಬೇಡಿ ಅಂದ್ಲು, ಇವರು ಬಂದು ಕೋಟಿನ ಇಸ್ತ್ರಿ ಖರ್ಚು ನಾನು ಕೊಡ್ತೀನಿ ಅಂದ್ರು. ಮೂವರಿಗೂ ಮಾತು ಕೊಟ್ಟಿದ್ದೆ. ಹೇಗೆ ಬಾಯಿ ಬಿಡಲಿ?"

ಇಪ್ಪತ್ತಮೂರರಲ್ಲಿ ಉಳಿದಿದ್ದು ಒಂಬತ್ತು. ಖಾಲಿಯಾದ ಅರ್ಧದಲ್ಲಿ ಇವರು ಗುಬ್ಬಿಗೆ ಮಡಚುವ ಮೇಜು ಕೂರಿಸಿದರು. ಗುಬ್ಬಿ ಈಗ ಅಲ್ಲೇ ಓದುತ್ತಾಳೆ. ಚಳಿಯಾದರೆ ಕಂಬಳಿ ಹೊದ್ದು ಓದುತ್ತಾಳೆ, ಕೋಣೆಯ ಮಾತನ್ನು ಮತ್ತೆ ಯಾರೂ ಎತ್ತಿಲ್ಲ. ಟೈಲ್ಸ್ ಮೇಲೆ ಜಾರದ ರಬ್ಬರ್ ಹಾಸು ಬಂತು. ಗೋಡೆಯುದ್ದಕ್ಕೂ, ಲಿಫ್ಟಿನೊಳಗೆ ಇರುತ್ತದಲ್ಲ, ಅಂಥ ಸ್ಟೀಲಿನ ಹಿಡಿಕೆ ಬಂತು. ಅದರ ಮೇಲೆ ತಾವೇ ಜೋತುಬಿದ್ದು ಭಾರ ತಡೆಯುತ್ತದೆಯೇ ಅಂತ ಇವರು ನಾಲ್ಕು ಸಲ ಪರೀಕ್ಷೆ ಮಾಡಿದರು.

ಅತ್ತೆ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದರು. ಕುಂಡದ ನಂಬರು, ದಿನ, ಹೊತ್ತು, ಸಹಿ. "ವಾರ್ಡಲ್ಲಿ ಔಷಧಿ ಕೊಟ್ಟವಳು ಸಹಿ ಹಾಕದೆ ಹೋದ್ರೆ ಮುಂದಿನ ಪಾಳಿಯವಳು ಇನ್ನೊಂದು ಸಲ ಕೊಡ್ತಾಳೆ. ರೋಗಿ ಸಾಯೋದು ಕಾಯಿಲೆಯಿಂದ ಅಲ್ಲ, ಆರೈಕೆಯಿಂದ" ಅಂದರು. ಈಗ ಅವರು ಒಂದು ಕೈಯಲ್ಲಿ ಹಿಡಿಕೆ ಹಿಡಿದು ರೌಂಡ್ಸ್ ಮಾಡುತ್ತಾರೆ. ಹದಿನಾಲ್ಕು ಗಿಡ ಕಳೆದುಕೊಂಡದ್ದಕ್ಕೆ ನಮ್ಮಲ್ಲಿ ಯಾರನ್ನೂ ಒಂದು ಮಾತು ಅಂದಿಲ್ಲ. ನಾನಾಗಿದ್ದರೆ ಹದಿನಾಲ್ಕು ವರ್ಷ ಅಂದು ತೋರಿಸುತ್ತಿದ್ದೆ.

ಅದೇ ನನಗೆ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ, ನಾವಿಬ್ಬರೇ ಇದ್ದಾಗ, ಕೇಳಿಯೇಬಿಟ್ಟೆ.

"ಅತ್ತೆ, ನಿಮ್ಮ ಮಂಚ ಇರೋದು ಈ ಗೋಡೆ ಆಚೆಗೆ. ನಾಲ್ಕೂವರೆ ವಾರ ಅಲ್ಲೇ ಮಲಗಿದ್ರಿ. ನಿಮಗೆ ಏನೂ ಕೇಳಿಸ್ಲಿಲ್ವಾ?"

ಅವರು ಬದನೆಯ ಹೊಸ ಎಲೆಯ ಹಿಂಬದಿ ತಿರುಗಿಸಿ ನೋಡುತ್ತಿದ್ದರು. "ಸೊಂಟ ಮುರಿದಿತ್ತಮ್ಮ, ಕಿವಿ ಚೆನ್ನಾಗೇ ಇತ್ತು. ನೀನು ಬಂದ್ರೆ ದಬದಬ ಸುರಿದು ಓಡ್ತೀಯ. ಗುಬ್ಬಿ ಏನೋ ಗುನುಗಿಕೊಂಡು ಹಾಕ್ತಾಳೆ. ಅವನು ಒಂದೊಂದು ಕುಂಡದ ಹತ್ರಾನೂ ನಿಂತು ನಿಂತು ಹಾಕ್ತಾನೆ, ಅವನು ಮುಗಿಸೋಕೆ ಅರ್ಧ ಗಂಟೆ."

"ಗೊತ್ತಿದ್ದೂ ಸುಮ್ಮನಿದ್ರಾ? ಮುಳುಗ್ತಾ ಇವೆ ಅಂತಾನೂ ಗೊತ್ತಿತ್ತು ನಿಮಗೆ. ಒಂದು ಮಾತು ಹೇಳಿದ್ರೆ ಎಲ್ಲಾ ಉಳೀತಿದ್ವು."

ಅತ್ತೆ ಎಲೆ ಬಿಟ್ಟು ನನ್ನ ಕಡೆ ನೋಡಿದರು.

"ಹೇಳಿದ್ರೆ, ಒಬ್ಬರು ಸಾಕು ಅಂತ ಇಬ್ಬರು ನಿಲ್ಲಿಸ್ತಿದ್ರಿ" ಅಂದರು. "ನನಗೆ ಮೂವರೂ ಬೇಕಿತ್ತು."